ಮೂರು ಮೊಟ್ಟೆಯ ಮೇಲೊಂದು ಆಣೆ

ಬಸ್ರಾ ಕಡೆಯ ನಮ್ಮ ಜೊಂಡಿನ ನೀರುನಾಡಿನಲ್ಲಿ ಜುಹೈಶ್ ಎಂದರೆ ಕತ್ತೆಮರಿ. ಇದು ಬೈಗುಳವಲ್ಲ, ನಮ್ಮೂರಿನ ಒಬ್ಬನಿಗೆ ಹುಟ್ಟಿದಾಗ ಇಟ್ಟ ಹೆಸರು. ಅವನ ತಾಯಿಗೆ ಮೊದಲ ಮೂರು ಕೂಸುಗಳೂ ಹುಟ್ಟಿದ ತಿಂಗಳೊಳಗೇ ತೀರಿಕೊಂಡಿದ್ದವು. ನಾಲ್ಕನೆಯದು ಹುಟ್ಟಿದಾಗ ಊರಿನ ಹೆಂಗಸರೆಲ್ಲ ಸೇರಿ, ಇದಕ್ಕಾದರೂ ದೃಷ್ಟಿ ತಾಗದಿರಲಿ, ಸಾವು ಬಾಗಿಲಿಗೆ ಬಂದರೂ 'ಥೂ, ಇದು ಯಾರಿಗೆ ಬೇಕು' ಅಂದುಕೊಂಡು ಹಾಗೇ ವಾಪಸು ಹೋಗಲಿ ಎಂದು ಈ ಹೆಸರಿಟ್ಟರು. ಹೀಗೆ ಹೆಸರಿಡುವುದು ನಮ್ಮಲ್ಲಿ ಹೊಸದೇನಲ್ಲ. ನೀರಿನ ನಡುವೆ ಜೊಂಡು, ಮಣ್ಣು ಪೇರಿಸಿದ ದಿಬ್ಬಗಳ ಮೇಲೆ ನಮ್ಮ ಮನೆಗಳು; ಪಕ್ಕದ ದಿಬ್ಬದವನ ಹೆಸರು ವಾವಿ, ಅಂದರೆ ಗುಳ್ಳೆನರಿ. ಅವನಿಗೂ ಮೊದಲು ಇಬ್ಬರು ಹೋಗಿದ್ದರು. "ಮಿಕ್ಕವರದ್ದೆಲ್ಲ ಬರೀ ಹೆಸರು. ನನ್ನದು ಮಾತ್ರ ಅಳತೆ ತಗೊಂಡು ಹೊಲಿಸಿದ್ದು" ಎಂದು ಜುಹೈಶನೇ ಹೇಳಿಕೊಂಡು ನಗುತ್ತಿದ್ದ.

ಐವತ್ತೈದು ದಾಟಿದ ಈ ಕತ್ತೆಮರಿಗೆ ನಾಲ್ಕು ಎಮ್ಮೆ, ಒಂದು ದೋಣಿ, ವನ್ಸಾ ಎಂಬ ಹೆಂಡತಿ, ಮದುವೆಯಾಗಿ ಬೇರೆ ದಿಬ್ಬಕ್ಕೆ ಹೋದ ಸಬ್ರಿ ಎಂಬ ಮಗ. ಇವೆಲ್ಲದರ ಮೇಲೆ ಒಂದು ಬಾಯಿ. ಎಮ್ಮೆಗಳಿಗಾದರೂ ಹಗ್ಗವಿತ್ತು, ಆ ಬಾಯಿಗೆ ಇರಲಿಲ್ಲ. ಒಮ್ಮೆ ಬುನ್ನಿ ಮೀನೊಂದು ಅವನ ದೋಣಿಯನ್ನು ಚಿಬಾಯಿಶಿನಿಂದ ಅಷ್ಟು ದೂರದ ನಾಸಿರಿಯಾ ಪಟ್ಟಣದವರೆಗೂ ಎಳೆದುಕೊಂಡು ಹೋಗಿತ್ತಂತೆ. ಇನ್ನೊಮ್ಮೆ ಜೊಂಡಿನ ನಡುವೆ ಎದುರಾದ ಕಾಡುಹಂದಿ ಇವನ ಮುಖ ನೋಡಿ ನಾಚಿಕೊಂಡು ದಾರಿ ಬಿಟ್ಟಿತ್ತಂತೆ. "ನಾಚಿದ್ದಲ್ಲ, ಹೇಸಿದ್ದು" ಎಂದು ವನ್ಸಾ ತಿದ್ದುತ್ತಿದ್ದಳು. ಅವನು ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಹೇಳುತ್ತಿದ್ದ: "ನಾನು ಸುಳ್ಳು ಹೇಳಲ್ಲ ಕಣ್ರೋ. ನಿಜಕ್ಕೇ ಸ್ವಲ್ಪ ಮೇವು ಹಾಕ್ತೀನಿ. ಅದು ಕೊಬ್ಬಿದರೆ ನಾನೇನು ಮಾಡ್ಲಿ?"

ನಾವು ನಗುತ್ತಿದ್ದೆವು. ನಗುವುದು ಬೇರೆ, ನಂಬುವುದು ಬೇರೆ. ಅವನು ಮಳೆ ಬರ್ತಿದೆ ಎಂದರೆ ಹೊರಗೆ ಕೈ ಚಾಚಿ ನೋಡುವ ಊರು ನಮ್ಮದು.

ಆ ವರ್ಷ ವಸಂತದಲ್ಲಿ ಬಸ್ರಾದಿಂದ ಡಾಕ್ಟರ್ ನಿಬ್ರಾಸ್ ಬಂದರು. ಮನುಷ್ಯರ ಡಾಕ್ಟರಲ್ಲ, ಹಕ್ಕಿಗಳ ಬಗ್ಗೆ ಓದಿ ಡಾಕ್ಟರಾದವರು. ಹಾಜಿ ಶನ್ಶೂಲರು ನಮ್ಮ ಹಿರಿಯರು. ಅವರ ಜೊಂಡಿನ ಅತಿಥಿಮನೆಯಲ್ಲಿ ಕಾಫಿ ಸುತ್ತು ಮುಗಿದ ಮೇಲೆ ಡಾಕ್ಟರಮ್ಮ ಒಂದು ಚಿತ್ರ ತೋರಿಸಿದರು. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಹಕ್ಕಿ, ಬೆನ್ನು ಕಂದು, ಹೊಟ್ಟೆ ಬಿಳಿ, ಮೈಗೆ ಮೀರಿದ ಉದ್ದ ಕೊಕ್ಕು. ನೋಡಲು ಒಂದು ಚೂರೂ ಚೆಂದವಿಲ್ಲ.

"ಇದಕ್ಕೆ ನಿಮ್ಮಲ್ಲಿ ಏನಂತಾರೆ?"

"ಏನೂ ಅನ್ನಲ್ಲ ಡಾಕ್ಟರಮ್ಮ" ಎಂದ ವಾವಿ. "ಬಾಯಿಗೆ ಒಂದು ತುತ್ತೂ ಆಗದ್ದಕ್ಕೆ ಹೆಸರು ಯಾಕೆ ದಂಡ?"

"ಹಾಗನ್ನಬೇಡಿ. ಇದಕ್ಕೆ ನಮ್ಮ ಬಸ್ರಾದ ಹೆಸರೇ ಇಟ್ಟಿದಾರೆ. ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುತ್ತೆ, ಮರಿ ಮಾಡೋಕೆ ಮಾತ್ರ ಅಷ್ಟು ದೂರದಿಂದ ವಾಪಸು ನಿಮ್ಮ ಜೊಂಡಿಗೇ ಬರುತ್ತೆ. ಪ್ರಪಂಚದಲ್ಲಿ ಇದು ಗೂಡು ಕಟ್ಟೋ ಜಾಗ ಬೇರೆ ಎಲ್ಲೂ ಹೆಚ್ಚಿಗೆ ಇಲ್ಲ." ಹೀಗೆಂದು ಫೋನಿನಲ್ಲಿ ಅದರ ಹಾಡು ಹಾಕಿದರು.

ಹಾಡೆಂದರೆ ಅಂಥದ್ದೇನಲ್ಲ. ಗಂಟಲಲ್ಲೇ ಗೊಣಗಿಕೊಂಡ ಹಾಗೆ, ನಡುನಡುವೆ ಚಕ್ ಚಕ್ ಎಂದು ಯಾರನ್ನೋ ಬೈದ ಹಾಗೆ. ಅತಿಥಿಮನೆಯಲ್ಲಿ ಎಲ್ಲರೂ, "ಓ, ಇದಾ! ಎಮ್ಮೆಗೆ ಹಸಿಜೊಂಡು ಕೊಯ್ಯುವಾಗ ದಿನಾ ತಲೆ ತಿನ್ನುತ್ತಲ್ಲ" ಎಂದು ನಕ್ಕರು. ಜುಹೈಶ್ ಒಬ್ಬ ನಗಲಿಲ್ಲ. ಸರ್ಕಾರ ಒಡ್ಡು ಕಟ್ಟಿ ನಮ್ಮ ನೀರನ್ನೆಲ್ಲ ತಿರುಗಿಸಿದಾಗ ಅವನೂ ಎಲ್ಲರ ಹಾಗೆ ಎಮ್ಮೆ ಮಾರಿ, ಬಸ್ರಾದ ಹೊರವಲಯದಲ್ಲಿ ಹನ್ನೆರಡು ವರ್ಷ ಇಟ್ಟಿಗೆ ಹೊತ್ತಿದ್ದ. ಅಲ್ಲಿ ಬೆಳಗ್ಗೆ ಎದ್ದ ಕೂಡಲೇ ಕಿವಿಗೆ ಏನೋ ಒಂದು ಕಡಿಮೆ ಅನ್ನಿಸುತ್ತಿತ್ತು. ಎಮ್ಮೆಯ ಕೂಗಿರಬೇಕು, ನೀರಿನ ಸದ್ದಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದ. ನೀರು ಮತ್ತೆ ಬಂದು, ಅವನೂ ಮರಳಿ ಬಂದು, ಎಷ್ಟೋ ವರ್ಷವಾದ ಮೇಲೆ ಈಗ ಫೋನಿನಲ್ಲಿ ಕೇಳಿದಾಗ ಗೊತ್ತಾಯಿತು, ಕಡಿಮೆಯಾಗಿದ್ದದ್ದು ಈ ಗೊಣಗಾಟ. ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಹೇಳಬೇಕಾದ್ದನ್ನು ಬಿಟ್ಟು ಅವನ ಬಾಯಿ ತನಗೆ ರೂಢಿಯಾದ್ದನ್ನೇ ಹೇಳಿತು.

"ಇದರ ಗೂಡಾ ಡಾಕ್ಟರಮ್ಮ? ನೂರು ನೋಡಿದೀನಿ."

ಅವನು ಒಂದನ್ನೂ ನೋಡಿರಲಿಲ್ಲ.

ಡಾಕ್ಟರಮ್ಮನ ಕಣ್ಣು ಅರಳಿತು. ನಮ್ಮಲ್ಲಿ ಮರ್ಯಾದೆಗೆ ಕರೆಯುವ ಹಾಗೆ ಮಗನ ಹೆಸರು ಹಿಡಿದು, ಸಬ್ರಿಯ ಅಪ್ಪ ಎಂದೇ ಕರೆದರು. "ಒಂದು ತೋರಿಸಿ ಅಬೂ ಸಬ್ರಿ. ಒಂದೇ ಸಾಕು. ಇಲ್ಲಿ ಗೂಡು ಕಟ್ಟುತ್ತೆ ಅಂತ ನಾನು ಕಣ್ಣಾರೆ ನೋಡಿ ಬರೆದರೆ, ಈ ಜೊಂಡಿನ ಮೆಳೆಗಳನ್ನ ಯಾರೂ ಸುಡದ ಹಾಗೆ ಕಾಯೋದಕ್ಕೆ ನಾಲ್ಕು ಜನರ ಹತ್ತಿರ ಮಾತಾಡಬಹುದು."

"ಹೋಯ್ತು, ಡಾಕ್ಟರಮ್ಮನ ಕೆಲಸ ಕೆಟ್ಟೋಯ್ತು" ಎಂದು ವಾವಿ ಗಡ್ಡದೊಳಗೇ ನಕ್ಕ.

ಹೇಳಿದ ಮೇಲೆ ಹುಡುಕಲೇಬೇಕಲ್ಲ? ಎಮ್ಮೆಗಳನ್ನು ನೀರಿಗೆ ಬಿಟ್ಟು ಅವನು ದಿನಾ ಮೆಳೆಯೊಳಗೆ ನುಗ್ಗತೊಡಗಿದ. ಜೊಂಡಿನ ಎಲೆ ಕೈಕಾಲನ್ನೆಲ್ಲ ಗೀರಿತು. ಎರಡು ಸಲ ದೋಣಿಯಿಂದ ನೀರಿಗೆ ಬಿದ್ದ, ಅದೂ ಹೆಂಗಸರ ಎದುರಿಗೆ. ಎರಡನೆಯ ವಾರ ಒಂದು ಗೂಡು ಸಿಕ್ಕಿತೆಂದು ಫೋನು ಮಾಡಿದ. ಡಾಕ್ಟರಮ್ಮ ಅಷ್ಟು ದೂರದಿಂದ ಬಂದು ನೋಡಿದರೆ ಅದು ಹೋದ ವರ್ಷದ ನೀರುಕೋಳಿಯ ಹಾಳು ಗೂಡು. ನಾಲ್ಕನೆಯ ವಾರ ಮತ್ತೆ ಫೋನು. ಮತ್ತೆ ಬಂದರು. ಆ ಸಲ ಗೂಡಿನೊಳಗಿಂದ ಒಂದು ಇಲಿ ಹೊರಗೆ ಬಂದು ಇಬ್ಬರನ್ನೂ ನೋಡಿ ನೀರಿಗೆ ಹಾರಿತು. ಡಾಕ್ಟರಮ್ಮ ಒಳ್ಳೆಯವರು, ಬೈಯಲಿಲ್ಲ. "ಪರವಾಗಿಲ್ಲ ಅಬೂ ಸಬ್ರಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಊರಿನವರು ಆ ಇಲಿಗೆ ಬಸ್ರಾದ ಇಲಿ ಎಂದು ಹೆಸರಿಟ್ಟರು.

ಆಮೇಲೆ ಒಂದು ಬೆಳಗ್ಗೆ ನಿಜವಾಗಿಯೂ ಸಿಕ್ಕಿತು.

ಹಳೆಯ ಕಾಲುವೆಯ ತಿರುವಿನಲ್ಲಿ, ಹೋದ ವರ್ಷ ಕೊಯ್ಯದೆ ಬಿಟ್ಟಿದ್ದ ಎತ್ತರದ ಮೆಳೆಯಲ್ಲಿ. ಐದು ಕಡ್ಡಿಗಳನ್ನು ಸೇರಿಸಿ ಹೆಣೆದ ಒಂದು ಬಟ್ಟಲು, ನೀರಿನಿಂದ ಒಂದು ಮೊಳ ಮೇಲೆ. ನಮ್ಮ ಹೆಂಗಸರು ಚಾಪೆ ಹೆಣೆಯುವಾಗ ಅಂಚು ಬಿಗಿಯುವ ಹಾಗೇ ಬಿಗಿದಿತ್ತು. ಒಳಗೆ ಮೂರು ಮೊಟ್ಟೆ, ಚುಕ್ಕೆಚುಕ್ಕೆಯವು. ಹಕ್ಕಿ ಎರಡಡಿ ಆಚೆ ಕೂತು ಚಕ್ ಚಕ್ ಎಂದು ಅವನನ್ನು ಸರಿಯಾಗಿ ಬೈಯಿತು. ಜುಹೈಶ್ ಕೋಲನ್ನು ನೀರಲ್ಲಿ ಊರಿ ಹಾಗೇ ನಿಂತ. "ಬೈ ತಾಯಿ ಬೈ, ನನ್ನ ಹೆಂಡತಿಗೆ ಇದಕ್ಕಿಂತ ಚೆನ್ನಾಗಿ ಬರುತ್ತೆ" ಎಂದ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ತಾನು ಹೇಳಿದ್ದರಲ್ಲಿ ಒಂದಾದರೂ ನಿಜವಾಯಿತಲ್ಲ ಎಂಬ ಸಂತೋಷಕ್ಕೋ, ಹನ್ನೆರಡು ವರ್ಷದ ಇಟ್ಟಿಗೆಗೋ, ಅವನಿಗೇ ತಿಳಿಯಲಿಲ್ಲ.

ಅವತ್ತೇ ಅತಿಥಿಮನೆಗೆ ಹೋಗಿ ಎಲ್ಲರ ಎದುರಿಗೇ ಫೋನು ಮಾಡಿದ. ಆ ಕಡೆಯಿಂದ ಡಾಕ್ಟರಮ್ಮ, "ಇದು ಮೂರನೇ ಸಲ ಅಬೂ ಸಬ್ರಿ" ಎಂದರು, ಅಷ್ಟೇ.

"ಮೂರು ಮೊಟ್ಟೆ ಇದೆ ಡಾಕ್ಟರಮ್ಮ. ದೇವರಾಣೆ."

ಸುತ್ತ ಕೂತವರು ಕೆಮ್ಮಿದರು. ದೇವರಾಣೆಯ ಮೇಲೆ ಆ ಮೀನು ನಾಸಿರಿಯಾಕ್ಕೆ ಹೋಗಿತ್ತು, ದೇವರಾಣೆಯ ಮೇಲೆ ಹಂದಿ ನಾಚಿತ್ತು. ಜುಹೈಶ್ ಒಂದೊಂದು ಮುಖವನ್ನೂ ನೋಡಿದ. ಒಂದರಲ್ಲೂ ನಂಬಿಕೆಯಿಲ್ಲ. ಆಗ ಎದ್ದು ನಿಂತು, ಫೋನನ್ನು ಕಿವಿಯಿಂದ ತೆಗೆಯದೆ, "ಅಬ್ಬಾಸರ ಆಣೆ" ಎಂದುಬಿಟ್ಟ. "ಅಬ್ಬಾಸರ ಆಣೆಗೂ ಮೂರು ಮೊಟ್ಟೆ ಇದೆ. ನಾನು ಕಣ್ಣಾರೆ ನೋಡಿದೀನಿ."

ಕೆಮ್ಮುತ್ತಿದ್ದವರು ನೆಟ್ಟಗೆ ಕೂತರು. ನಮ್ಮ ಕಡೆ ದೇವರಾಣೆಗೆ ಕ್ಷಮೆಯಿದೆ, ಆತ ಕರುಣಾಳು. ಅಬ್ಬಾಸರು ಹುತಾತ್ಮರಾದ ಸಂತರು, ಅವರ ಆಣೆ ಹಾಗಲ್ಲ. ಸುಳ್ಳಾಗಿ ಹಾಕಿದವನ ಮನೆ ಉಳಿದದ್ದನ್ನು ನಮ್ಮಲ್ಲಿ ಯಾರೂ ಕೇಳಿಲ್ಲ. ಕಳ್ಳನೂ ಆ ಹೆಸರು ಬಂದರೆ ಕದ್ದದ್ದನ್ನು ತಂದಿಟ್ಟು ಹೋಗುತ್ತಾನೆ. ಜುಹೈಶ್ ಕೂಡ ಐವತ್ತೈದು ವರ್ಷದಲ್ಲಿ ಒಂದು ಸಲವೂ ಅದನ್ನು ಬಾಯಿಗೆ ತಂದವನಲ್ಲ.

ಹಾಜಿ ಶನ್ಶೂಲರು ನಿಧಾನವಾಗಿ ಹೇಳಿದರು: "ಆಣೆ ಹಾಕಿದೀಯ, ಎಲ್ಲರೂ ಕೇಳಿದೀವಿ. ಡಾಕ್ಟರಮ್ಮ ಬಂದು ನೋಡಲಿ. ಮೂರು ಮೊಟ್ಟೆ ಇದ್ದರೆ ಇನ್ನು ಮೇಲೆ ಈ ಮನೇಲಿ ನಿನ್ನ ಮಾತಿಗೆ ಎದುರು ಮಾತಿಲ್ಲ. ಇಲ್ಲದೇ ಹೋದರೆ ಈ ಮನೆ ಕಾಫಿ ನಿನಗಿಲ್ಲ ಮಗನೇ. ನನ್ನನ್ನ ದೂರಬೇಡ."

"ಗುರುವಾರ ಬರ್ತೀನಿ" ಎಂದರು ಡಾಕ್ಟರಮ್ಮ ಫೋನಿನಲ್ಲಿ.

ಗುರುವಾರಕ್ಕೆ ಇನ್ನೂ ಆರು ದಿನ. ಆಣೆ ಹಾಕಿ ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಗೂಡಿನಲ್ಲಿ ಮೂರು ಮೊಟ್ಟೆ ಇದ್ದದ್ದೇನೋ ನಿಜ, ಆದರೆ ಗುರುವಾರದವರೆಗೂ ಇರಬೇಕಲ್ಲ? ಹಸಿಜೊಂಡಿಗೆಂದು ಯಾರಾದರೂ ಆ ಕಡೆ ಕುಡುಗೋಲು ಬೀಸಿದರೆ ಗೂಡೂ ಹೋಯಿತು, ಆಣೆಯೂ ಹೋಯಿತು, ಕಾಫಿಯೂ ಹೋಯಿತು. ಗೂಡು ಎಲ್ಲಿದೆ ಎಂದು ಹೇಳಿಬಿಡೋಣವೆಂದರೆ ಊರಿಗೆ ಊರೇ ನೋಡಲು ದೋಣಿ ಹತ್ತುತ್ತದೆ, ಹಕ್ಕಿ ಬಿಟ್ಟು ಓಡುತ್ತದೆ.

ಮರುದಿನ ಅವನು ಮೆಳೆಯ ನಾಲ್ಕು ಮೂಲೆಯಲ್ಲೂ ಹಿಡಿಹಿಡಿ ಜೊಂಡು ಸೇರಿಸಿ ತುದಿಗೆ ಗಂಟು ಹಾಕಿದ. ನಮ್ಮ ನೀರಿನಲ್ಲಿ ಗಂಟು ಹಾಕಿದ ಮೆಳೆಯೆಂದರೆ ಯಾರೋ ತನ್ನ ಮನೆಗೆಂದು ಕಾದಿಟ್ಟದ್ದು, ಬೇರೆಯವರು ಮುಟ್ಟುವುದಿಲ್ಲ. ಅಷ್ಟಕ್ಕೆ ಬಿಡಬೇಕಿತ್ತು. ಬಾಯಿ ಬಿಡಬೇಕಲ್ಲ!

"ಏನೋ ಜುಹೈಶ್, ತಿರುವಿನಲ್ಲಿ ಗಂಟು ಹಾಕಿದೀಯಂತೆ?" ಎಂದು ವಾವಿ ದೋಣಿ ನಿಲ್ಲಿಸಿ ಕೇಳಿದ.

"ಹೂಂ. ಅತಿಥಿಮನೆ ಕಟ್ಟಬೇಕು ಅಂತಿದೀನಿ. ಐದು ಕಮಾನಿಂದು. ಕಟ್ಟು ಬಿಗಿದು ಕಮಾನಾಗಿ ಬಗ್ಗಿಸೋಕೆ ಅಷ್ಟು ಎತ್ತರದ ಜೊಂಡು ಇನ್ನೆಲ್ಲಿ ಸಿಗುತ್ತೆ? ಕಮಾನಿಗೆ ಅಂತಲೇ ಕಾದಿಟ್ಟಿದೀನಿ."

"ಗೂಡು?"

"ಗೂಡು ಆ ಕಡೆ, ಎಲ್ಲೋ ಪೂರ್ವಕ್ಕೆ. ತುಂಬಾ ದೂರ."

ಅವನಿಗೆ ಅತಿಥಿಮನೆ ಕಟ್ಟುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಅವನ ಮನೆಗೆ ಅತಿಥಿಯೆಂದು ಬರುತ್ತಿದ್ದದ್ದು ಎಮ್ಮೆಗಳು ಮಾತ್ರ. ಆದರೆ ಸುಳ್ಳು ಹೇಳಿ ದೋಣಿ ತಿರುಗಿಸುವಾಗ ಮೊದಲನೆಯ ಸಲ ಅವನಿಗೆ ಹೆಮ್ಮೆಯಾಯಿತು. ಇಷ್ಟು ಒಳ್ಳೆಯ ಕೆಲಸಕ್ಕೆ ಒಂದೂ ಸುಳ್ಳನ್ನು ಈವರೆಗೆ ಬಳಸಿದವನಲ್ಲ.

ಈ ಸುಳ್ಳನ್ನು ನಾವು ನಂಬಿದೆವು. ಅಯ್ಯೋ, ಜನ್ಮದಲ್ಲಿ ಅವನ ಒಂದು ಮಾತನ್ನೂ ನಂಬದ ನಾವು, ನಂಬಬಾರದ ಆ ಒಂದನ್ನು ನಂಬಿದೆವು! ನಂಬದೆ ಏನು ಮಾಡುವುದು? ಗುರುವಾರ ಬಸ್ರಾದಿಂದ ಅತಿಥಿ ಬರುತ್ತಿದ್ದಾರೆ. ಕೂರಿಸಲು ಬಡಪಾಯಿಗೆ ಒಂದು ಜಾಗವಿಲ್ಲ. ಅದಕ್ಕೇ ಕಮಾನಿನ ಯೋಚನೆ ಮಾಡಿದ್ದಾನೆ, ಬಾಯಿಬಿಟ್ಟು ಕೇಳಲು ಸಂಕೋಚ. ಹಾಗೆ ಕೇಳುವವರೆಗೆ ಕಾಯುವುದು ನಮ್ಮಲ್ಲಿ ಅಕ್ಕಪಕ್ಕದವರಿಗೆ ಅವಮಾನ. ಮನೆ ಕಟ್ಟುವವನಿದ್ದರೆ ಅವನು ಕರೆಯುವ ಮೊದಲೇ ಕುಡುಗೋಲು ಹಿಡಿದು ಹೋಗಬೇಕು. ಅವನೂ ಸುಮ್ಮನೆ ಒಪ್ಪಿಕೊಳ್ಳುವ ಹಾಗಿಲ್ಲ, ಬೇಡ ಬೇಡ ಎಂದು ಬಾಯಿ ಬಡಿದುಕೊಳ್ಳಬೇಕು. ಎಷ್ಟು ಜೋರಾಗಿ ಬೇಡವೆಂದರೆ ಅಷ್ಟು ಮಾನವಂತ. ಹೋದ ವರ್ಷ ವಾವಿಯ ಮನೆಗೆಂದು ಜೊಂಡು ಕಡಿಯಲು ಹೋದಾಗ ವಾವಿ ಬೇಡವೆಂದು ಕೂಗುತ್ತ ದೋಣಿಗೆ ಅಡ್ಡ ಮಲಗಿದ್ದ. ಅವನನ್ನು ಎತ್ತಿ ಪಕ್ಕಕ್ಕಿಟ್ಟು ಮೊದಲ ಕಡ್ಡಿ ಕಡಿದವನು ಇದೇ ಜುಹೈಶ್.

ಗುರುವಾರ ಬೆಳಗ್ಗೆ ಅವನು ಡಾಕ್ಟರಮ್ಮನನ್ನು ಕರೆತರಲು ಚಿಬಾಯಿಶಿನ ದೋಣಿಕಟ್ಟೆಗೆ ಹೊರಟ. ವನ್ಸಾ ಒಗೆದ ಅಂಗಿ ಹಾಕಿಸಿದಳು. ಹೋಗುವಾಗ ತಿರುವಿನ ಹತ್ತಿರ ದೋಣಿ ನಿಧಾನ ಮಾಡಿದ. ಒಳಗಿನಿಂದ ಚಕ್ ಚಕ್ ಕೇಳಿಸಿತು. "ಇವತ್ತೊಂದು ದಿನ ಎಲ್ಲೂ ಹೋಗಬೇಡ ತಾಯಿ, ನೆಂಟರು ಬರ್ತಿದಾರೆ" ಎಂದು ಹೇಳಿ ಮುಂದೆ ಹೋದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದ ಹನ್ನೊಂದು ದೋಣಿಗಳು ದಿಬ್ಬಗಳ ಹಿಂದಿನಿಂದ ಹೊರಟವು.

ವಾಪಸು ಬರುವಾಗ ದೂರದಿಂದಲೇ ಹಾಡು ಕೇಳಿಸಿತು. ಹಕ್ಕಿಯದಲ್ಲ, ಗಂಡಸರದು. ಕಡಿಯುವಾಗ ಹೇಳುವ ಹಾಡು.

"ಯಾರದ್ದೋ ಮನೆ ಕಟ್ತಿದಾರೆ ಅಂತ ಕಾಣುತ್ತೆ" ಎಂದರು ಡಾಕ್ಟರಮ್ಮ.

ಜುಹೈಶ್ ಕೋಲನ್ನು ಊರಿ ಊರಿ ತಿರುವಿಗೆ ಬಂದ. ಅರ್ಧ ಮೆಳೆ ನೆಲಸಮ. ಎತ್ತರದ ಜೊಂಡೆಲ್ಲ ಕಟ್ಟುಕಟ್ಟಾಗಿ ದೋಣಿಗಳ ಮೇಲೆ ಮಲಗಿತ್ತು. ನಡುನೀರಿನಲ್ಲಿ ಸೊಂಟದವರೆಗೆ ನಿಂತ ವಾವಿ ಇವನನ್ನು ನೋಡಿ ಕುಡುಗೋಲು ಎತ್ತಿ ಕೂಗಿದ: "ಬಂದ ನೋಡ್ರೋ ಮನೆ ಯಜಮಾನ!" ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು.

"ನಿಲ್ಸ್ರೋ! ಕಡೀಬೇಡ್ರೋ!"

"ಹಾಂ, ಶುರುವಾಯ್ತು" ಎಂದು ಎಲ್ಲರೂ ನಕ್ಕರು. ಕುಡುಗೋಲುಗಳು ಇನ್ನೂ ಜೋರಾದವು.

"ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ! ನಂಗೆ ಮನೆ ಬೇಡ!"

"ಏನು ಸಂಕೋಚ, ಏನು ಮರ್ಯಾದೆ! ಈ ಕತ್ತೆಮರಿ ಇದನ್ನೆಲ್ಲ ಯಾವಾಗ ಕಲಿತನಪ್ಪಾ?"

"ಗೂಡಿದೆ ಕಣ್ರೋ ಒಳಗೆ! ಗೂಡು!"

"ಗೂಡು ಪೂರ್ವಕ್ಕೆ ಅಂದಿದ್ದೆ, ಮರೆತೆಯಾ?" ಎಂದ ವಾವಿ. "ಹೋದ ವರ್ಷ ನಾನು ದೋಣಿಗೆ ಅಡ್ಡ ಮಲಗಿದ್ದೆ. ನೀನು ನೆವ ಹೇಳೋದರಲ್ಲಿ ನನ್ನನ್ನೂ ಮೀರಿಸಿಬಿಟ್ಟೆ!"

ಜುಹೈಶ್ ಒಗೆದ ಅಂಗಿಯಲ್ಲೇ ನೀರಿಗೆ ಹಾರಿದ. ಇಬ್ಬರು ಅವನನ್ನು ಹಿಡಿದು, ನಗುತ್ತ ನಗುತ್ತ, ಎತ್ತಿ ಪಕ್ಕಕ್ಕಿಟ್ಟರು. ಆ ಇಬ್ಬರಲ್ಲಿ ನಾನೊಬ್ಬ. ಅವನ ತೋಳು ನಡುಗುತ್ತಿದ್ದದ್ದು ನನ್ನ ಕೈಗೆ ತಿಳಿಯಿತು. ಚಳಿಗೆ ಅಂದುಕೊಂಡೆ. ಮೇ ತಿಂಗಳಲ್ಲಿ ಎಂಥ ಚಳಿ ಎಂದು ಯೋಚಿಸುವಷ್ಟು ಬುದ್ಧಿಯೂ ನನಗಿರಲಿಲ್ಲ.

ವಾವಿ ಮತ್ತೊಂದು ಹಿಡಿ ಬಳಸಿ ಎಳೆದು ಕಡಿದ. ಅದನ್ನು ಹೆಗಲಿಗೆ ಹಾಕಿಕೊಳ್ಳಲು ಎತ್ತಿದವನು ಅಲ್ಲೇ ನಿಂತುಬಿಟ್ಟ. ಹಾಡೂ ನಿಂತಿತು. ಐದು ಕಡ್ಡಿಯ ನಡುವೆ ಬಟ್ಟಲು ಹಾಗೇ ಇತ್ತು, ಓರೆಯಾಗಿ. ಅದರಿಂದ ಏನೋ ಹಳದಿಯದು ಇಳಿದು ಅವನ ಮಣಿಕಟ್ಟಿನ ಮೇಲೆ ಹರಿಯಿತು.

ಆಗ ಎಲ್ಲರಿಗೂ ಕೇಳಿಸಿತು, ಚಕ್ ಚಕ್ ಎಂದು. ಕಡಿಯದೆ ಉಳಿದ ಅರ್ಧದ ಅಂಚಿನಲ್ಲಿ, ಒಂದು ಕಡ್ಡಿಯ ತುದಿಗೆ ಬಂದು, ಯಾರಿಗೂ ಹೆದರದೆ ಆ ಹಕ್ಕಿ ಬೈಯುತ್ತಿತ್ತು.

ಡಾಕ್ಟರಮ್ಮ ಗೂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಮೊಟ್ಟೆ ಇಡಿಯಾಗಿತ್ತು, ಉಳಿದೆರಡರ ಚಿಪ್ಪು ಮಾತ್ರ. "ಮೂರು" ಎಂದರು. ಮುಖ ತಿರುಗಿಸಿಕೊಂಡು ಮತ್ತೊಂದು ಸಲ ಹೇಳಿದರು, "ಮೂರೇ ಇತ್ತು. ಅದೇ ಹಕ್ಕಿ. ಇದೇ ಗೂಡು."

ಹಾಜಿ ಶನ್ಶೂಲರು ತಮ್ಮ ದೋಣಿಯಲ್ಲಿ ಕೂತಲ್ಲಿಂದಲೇ, "ಜುಹೈಶ್ ನಿಜ ಹೇಳಿದ್ದ" ಎಂದರು. ಅದನ್ನು ಹಿಡಿದುಕೊಂಡು ಎಲ್ಲರೂ, ಹೌದು, ನಿಜ ಹೇಳಿದ್ದ, ಆಣೆ ನಿಜ, ಮೂರು ಮೊಟ್ಟೆ ನಿಜ ಎಂದು ಒಬ್ಬರಾದ ಮೇಲೊಬ್ಬರು ಹೇಳತೊಡಗಿದರು. ಹೇಳಿದರೆ ಸರಿಹೋಗುತ್ತದೆ ಎಂಬ ಹಾಗೆ. ಐವತ್ತೈದು ವರ್ಷ ಕಾದ ಮಾತು ಅದು. ಜುಹೈಶ್ ಸೊಂಟದವರೆಗಿನ ನೀರಿನಲ್ಲಿ ನಿಂತು, ತಲೆಗೆ ಸುತ್ತಿದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡು, ಮಕ್ಕಳ ಹಾಗೆ ಅತ್ತ.

ಅವತ್ತು ಮಧ್ಯಾಹ್ನ ಎಲ್ಲರೂ ಅತಿಥಿಮನೆಯಲ್ಲಿ ಸೇರಿದರು. ಹಾಜಿ ಮೊದಲ ಕಾಫಿಯನ್ನು ಡಾಕ್ಟರಮ್ಮನಿಗೆ ಕೊಟ್ಟು, ಎರಡನೆಯದನ್ನು ಜುಹೈಶನಿಗೆ ಕೊಟ್ಟರು. ಎರಡನೆಯ ಕಾಫಿ ಅವನಿಗೆ ಅದುವರೆಗೆ ಸಿಕ್ಕಿದ್ದಿಲ್ಲ. ಸರದಿ ಬರುವಷ್ಟರಲ್ಲಿ ಅವನಿಗೆ ಗಸಿಯೇ ಗತಿಯಾಗುತ್ತಿತ್ತು. ಬಟ್ಟಲು ತೆಗೆದುಕೊಂಡವನು ಕುಡಿಯಲಿಲ್ಲ. ಎದುರಿಗೆ ಚಾಪೆಯ ಮೇಲೆ ಇಟ್ಟ.

ನಮ್ಮಲ್ಲಿ ಕಾಫಿಯನ್ನು ಕೆಳಗಿಟ್ಟರೆ ಕೇಳುವುದಿದೆ ಎಂದು ಅರ್ಥ. ಮನೆಯ ಯಜಮಾನ ಕೊಡುತ್ತೇನೆ ಎನ್ನುವವರೆಗೂ ಅದನ್ನು ಮುಟ್ಟುವುದಿಲ್ಲ.

"ಕಾಫಿ ಕುಡಿ ಮಗನೇ" ಎಂದರು ಹಾಜಿ. "ಏನು ಕೇಳ್ತೀಯೋ ಅದು ನಿಂದು."

"ಉಳಿದ ಅರ್ಧ ಮೆಳೆ, ಹಾಜಿ. ಹಕ್ಕಿ ಇನ್ನೂ ಅಲ್ಲೇ ಕೂತು ಬೈತಾ ಇದೆ. ಡಾಕ್ಟರಮ್ಮ ಹೇಳ್ತಾರೆ, ಜಾಗ ಇದ್ದರೆ ಮತ್ತೆ ಕಟ್ಟಿದರೂ ಕಟ್ಟಬಹುದಂತೆ. ಆ ಹಕ್ಕಿ ಇರೋ ತಿಂಗಳಲ್ಲಿ ಆ ತಿರುವಿನಲ್ಲಿ ಯಾರೂ ಕುಡುಗೋಲು ಇಡಬಾರದು. ಈ ವರ್ಷ ಒಂದೇ ಅಲ್ಲ, ಯಾವ ವರ್ಷವೂ."

"ಮತ್ತೆ ನಿನ್ನ ಕಮಾನು?" ಎಂದ ವಾವಿ. ಅವನ ದನಿ ಬಿದ್ದುಹೋಗಿತ್ತು. "ಐದು ಕಮಾನು ಅಂದಿದ್ದೆ. ಕಡಿದಿರೋದು ಮೂರಕ್ಕೂ ಸಾಲದು. ನಾನು ಬೇರೆ ಕಡೆ ಕಡಿದು ತಂದುಕೊಡ್ತೀನಿ ಅಣ್ಣ."

"ಕಮಾನು ಸುಳ್ಳು ಕಣೋ ವಾವಿ" ಎಂದ ಜುಹೈಶ್. "ಮೊಟ್ಟೆ ನಿಜ, ಕಮಾನು ಸುಳ್ಳು. ನಾನು ಯಾವತ್ತೂ ಹಾಗೇ, ಗೊತ್ತಲ್ಲ ನಿಂಗೆ. ಈ ಸಲ ಯಾಕೆ ನಂಬಿದೆ ನೀನು?"

ವಾವಿ ತನ್ನ ಮಣಿಕಟ್ಟನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ, ಅದು ಯಾವಾಗಲೋ ಒಣಗಿತ್ತು. ಹಾಜಿ ಗಡ್ಡ ಹಿಡಿದು ಮಾತು ಕೊಟ್ಟರು. ಜುಹೈಶ್ ಕಾಫಿ ಕುಡಿದ. ಆರಿಹೋಗಿತ್ತು.

ಕಡಿದ ಜೊಂಡನ್ನು ಹಾಗೇ ಬಿಡುವಂತಿರಲಿಲ್ಲ. ವಾವಿ ಹಠ ಹಿಡಿದು, ಜುಹೈಶನ ದಿಬ್ಬದ ಮೇಲೆ ಎರಡು ಕಮಾನು ಎತ್ತಿ ನಿಲ್ಲಿಸಿದ. ಎರಡು ಕಮಾನಿನ ಅತಿಥಿಮನೆಯನ್ನು ನೀವೆಲ್ಲೂ ನೋಡಿರಲಾರಿರಿ. ಒಳಗೆ ಒಬ್ಬ ಕೂರಬಹುದು, ಕಾಲು ಚಾಚಿದರೆ ಕಾಲು ಹೊರಗೆ. ಹೊಸಬರು ನೋಡಿ, ಇದೇನಿದು ಎಂದು ಕೇಳಿದರೆ ಜುಹೈಶ್ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾನೆ. ಉಳಿದದ್ದನ್ನು ಎಮ್ಮೆ ತಿಂದಿತು. ಗಾಳಿಗೆ ಹಾರಿ ಇರಾನಿಗೆ ಹೋಯಿತು. ಆ ನಾಚಿಕೆಯ ಹಂದಿ ಮದುವೆಗೆಂದು ಕೇಳಿ ತೆಗೆದುಕೊಂಡು ಹೋಯಿತು. ನಿಜ ಏನೆಂದು ಮಾತ್ರ ಯಾರಿಗೂ ಹೇಳುವುದಿಲ್ಲ, ನಾವೂ ನಡುವೆ ಬಾಯಿ ಹಾಕುವುದಿಲ್ಲ. ವನ್ಸಾಳೂ ತಿದ್ದುವುದನ್ನು ಬಿಟ್ಟಿದ್ದಾಳೆ.

ಒಂದು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಬಂದರು. ಕೈಯಲ್ಲಿ ಪುಸ್ತಕ, ಕೊರಳಲ್ಲಿ ದುರ್ಬೀನು. ಜುಹೈಶನೇ ದೋಣಿ ನಡೆಸಿದ. ತಿರುವಿಗೆ ಬಂದಾಗ ಉಳಿದ ಮೆಳೆಯೊಳಗಿನಿಂದ ಗೊಣಗಾಟ ಕೇಳಿಸಿತು, ಜೊತೆಗೆ ಇನ್ನೂ ತೆಳುವಾದ ಎರಡು ಮೂರು ದನಿ.

"ಮತ್ತೆ ಗೂಡು ಕಟ್ಟಿದೆಯಾ ಅಬೂ ಸಬ್ರಿ?"

ಡಾಕ್ಟರಮ್ಮನಿಂದ ಗೂಡಿಗೆ ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಭಯವಿದ್ದದ್ದು ತನ್ನ ಬಾಯಿಯದು. ಇದೆ ಎಂದು ಒಂದು ಸಲ ಶುರುವಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ! ಅವನು ಕೋಲು ಊರಿ, ನೀರು ನೋಡುತ್ತ ಹೇಳಿದ: "ಇಲ್ಲ ಡಾಕ್ಟರಮ್ಮ. ಗೂಡೂ ಇಲ್ಲ, ಮರಿಯೂ ಇಲ್ಲ. ನಾನಂತೂ ಏನೂ ನೋಡಿಲ್ಲ."

"ಅಬ್ಬಾಸರ ಆಣೆಗೂ?"

ಮೆಳೆಯೊಳಗೆ ಆ ಹಕ್ಕಿ ಇಬ್ಬರನ್ನೂ ಸೇರಿಸಿ ಬೈಯುತ್ತಿತ್ತು.

"ಆಣೆ ಖಾಲಿಯಾಯ್ತು ಡಾಕ್ಟರಮ್ಮ. ನನ್ನ ಹತ್ತಿರ ಇದ್ದದ್ದು ಒಂದೇ."

ಡಾಕ್ಟರ್ ನಿಬ್ರಾಸ್ ಅವನ ಮುಖ ನೋಡಿದರು. ಮೆಳೆಯ ಕಡೆ ನೋಡಿದರು. ದುರ್ಬೀನನ್ನು ಎತ್ತಲಿಲ್ಲ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

"ಸುಳ್ಳ" ಎಂದರು.

ಜುಹೈಶ್ ದೋಣಿ ತಿರುಗಿಸಿದ. ಅಷ್ಟು ವರ್ಷ ಆ ಮಾತು ಕೇಳಿದ್ದವನಿಗೆ ಅವತ್ತೇ ಮೊದಲ ಸಲ ಅದರಿಂದ ಸಂತೋಷವಾಯಿತು.